ಈ ತೂತು ಯಾರದು? ಕಟ್ಟಡದ ಸೈಟಿನಲ್ಲಿ ಸುರಕ್ಷತೆಯ ಹೊಣೆ ಹಂಚುವ ಬಗೆ

ಮೊದಲ ಮಹಡಿಯ ಸ್ಲ್ಯಾಬ್. ಪೈಪು ಇಳಿಸಲು ಅಂತ ಎರಡು ಅಡಿ ಚೌಕದ ತೂತು ಬಿಟ್ಟಿದ್ದಾರೆ. ಅದರ ಮೇಲೆ ಒಂದು ಪ್ಲೈವುಡ್ ತುಂಡು. ಮೊಳೆ ಹೊಡೆದಿಲ್ಲ, ಮೇಲೆ ಏನೂ ಬರೆದಿಲ್ಲ. ಸಂಜೆ ಸಾಮಾನು ಒತ್ತಟ್ಟಿಗೆ ಹಾಕಲು ಒಬ್ಬ ಹುಡುಗ ಬರುತ್ತಾನೆ. ಸುಮ್ನೆ ಬಿದ್ದಿರುವ ಹಲಗೆ ಅಂದುಕೊಂಡು ಎರಡೂ ಕೈಯಲ್ಲಿ ಎತ್ತುತ್ತಾನೆ. ಹಲಗೆ ಎದೆಯ ಮಟ್ಟಕ್ಕೆ ಬಂತು ಅಂದರೆ ಅವನಿಗೆ ಅವನ ಕಾಲೇ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಡುತ್ತಾನೆ. ಅಲ್ಲಿ ನೆಲ ಇಲ್ಲ.

ಕಟ್ಟಡ ಕೆಲಸದಲ್ಲಿ ಇದು ಹಳೇ ಅಪಘಾತ. ಇವತ್ತಿಗೂ ನಡೆಯುತ್ತಲೇ ಇದೆ. ಆದ ಮೇಲೆ ಒಬ್ಬೊಬ್ಬರನ್ನೇ ಕೇಳಿ ನೋಡಿ. "ತೂತು ಬಿಟ್ಟಿದ್ದು ಸೆಂಟ್ರಿಂಗ್‌ನವರು" ಅಂತಾನೆ ಪ್ಲಂಬರ್, ಅಂದರೆ ಕಾಂಕ್ರೀಟಿಗೆ ಅಚ್ಚು, ಆಸರೆ ಕಟ್ಟುವವರು. "ಡ್ರಾಯಿಂಗ್‌ನಲ್ಲಿ ಇತ್ತು, ಬಿಟ್ಟೆ. ಮುಚ್ಚೋದು ನನ್ನ ಕೆಲಸನಾ?" ಅಂತಾನೆ ಸೆಂಟ್ರಿಂಗ್ ಮೇಸ್ತ್ರಿ. "ಎಲ್ಲರಿಗೂ ಹುಷಾರಾಗಿರಿ ಅಂತ ಹೇಳಿದ್ದೆ" ಅಂತಾರೆ ಎಂಜಿನಿಯರ್. ಗೇಟಿನ ಹತ್ತಿರ ದೊಡ್ಡ ಬೋರ್ಡು ಬೇರೆ ಇರುತ್ತದೆ: ಸುರಕ್ಷತೆ ಎಲ್ಲರ ಹೊಣೆ.

ತೊಂದರೆ ಇರುವುದೇ ಆ ಬೋರ್ಡಿನಲ್ಲಿ. ಎಲ್ಲರದೂ ಅಂದ ಕೆಲಸವನ್ನು ಯಾರೂ ಮಾಡುವುದಿಲ್ಲ. ಪ್ರತಿ ಅಪಾಯದ ಎದುರು ಒಬ್ಬರ ಹೆಸರು ಬರೆದಿರಬೇಕು. ಅದನ್ನು ಹೇಗೆ ಮಾಡುವುದು, ಯಾವ ಅಪಾಯಕ್ಕೆ ಏನು ನೋಡಬೇಕು ಅಂತ ಒಂದೊಂದಾಗಿ ಬರೆಯುತ್ತಿದ್ದೇನೆ. ನೀವು ಮನೆ ಕಟ್ಟಿಸುವವರಿರಬಹುದು, ಕಂಟ್ರಾಕ್ಟರ್ ಇರಬಹುದು, ಮೇಸ್ತ್ರಿ ಇರಬಹುದು, ಕೂಲಿಗೆ ಹೋಗುವವರಿರಬಹುದು. ನಿಮ್ಮ ಪಾಲಿನ ಕೆಲಸ ಇದರಲ್ಲಿ ಇದ್ದೇ ಇದೆ. ನಿಮ್ಮ ದೇಶದ ಕಾನೂನು ಇನ್ನೂ ಜಾಸ್ತಿ ಕೇಳುತ್ತಿದ್ದರೆ ಅದನ್ನೇ ಪಾಲಿಸಿ.

ಹೆಜ್ಜೆ 1: ಹೆಸರು ಬರೆಯಿರಿ

ಕೆಲಸ ಶುರುವಾಗುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಮಾಲೀಕರು, ನಕ್ಷೆ ಮಾಡಿದವರು, ಮುಖ್ಯ ಕಂಟ್ರಾಕ್ಟರ್, ತುಂಡು ಗುತ್ತಿಗೆಯವರು, ಸೈಟ್ ನೋಡಿಕೊಳ್ಳುವವರು, ಹೀಗೆ ಸಾಲಾಗಿ ಬರೆಯಿರಿ. ಪ್ರತಿಯೊಬ್ಬರ ಮುಂದೆ ಅವರು ಏನು ನೋಡಿಕೊಳ್ಳಬೇಕು ಅಂತ ಬರೆಯಿರಿ. ಬಾಯಿ ಮಾತಿನಲ್ಲಿ ಬಿಡಬೇಡಿ. ಅಪಘಾತ ಆದ ದಿನ ಬಾಯಿ ಮಾತು ಯಾರಿಗೂ ನೆನಪಿರುವುದಿಲ್ಲ.

ಯಾರಿಗೆ ಯಾವ ಹೊಣೆ ಅನ್ನುವುದಕ್ಕೆ ಒಂದು ಒಳ್ಳೆಯ ಅಳತೆಗೋಲು ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1988ರಲ್ಲಿ ಕಟ್ಟಡ ಕೆಲಸದ ಸುರಕ್ಷತೆಗಾಗಿಯೇ ಒಂದು ಒಪ್ಪಂದ ಮಾಡಿತು, ಅದು 167ನೇ ಒಪ್ಪಂದ. ಅದು ಹೇಳುವುದು ತುಂಬಾ ನೇರ. ಒಂದೇ ಸೈಟಿನಲ್ಲಿ ಇಬ್ಬರು ಮೂವರು ಗುತ್ತಿಗೆದಾರರು ಒಟ್ಟಿಗೆ ಕೆಲಸ ಮಾಡುತ್ತಿದ್ದರೆ ಅವರನ್ನೆಲ್ಲ ಹೊಂದಿಸಿಕೊಂಡು ಹೋಗುವ ಹೊಣೆ ಮುಖ್ಯ ಕಂಟ್ರಾಕ್ಟರ್‌ದು. ಅವರು ಸೈಟಿನಲ್ಲಿ ಇರುವುದಿಲ್ಲ ಅಂದರೆ ಕೆಲಸ ಗೊತ್ತಿರುವ ಒಬ್ಬರನ್ನು ಅಲ್ಲಿ ನಿಲ್ಲಿಸಬೇಕು. ಅವರಿಗೆ ಅಧಿಕಾರವನ್ನೂ ಬೇಕಾದ ಅನುಕೂಲವನ್ನೂ ಕೊಡಬೇಕು. ಹಾಗಂತ ತುಂಡು ಗುತ್ತಿಗೆಯವರು ಕೈ ತೊಳೆದುಕೊಳ್ಳುವಂತಿಲ್ಲ. ತಾನು ಕರೆತಂದ ಆಳುಗಳ ಹೊಣೆ ತನ್ನದೇ.

"ಅಧಿಕಾರ" ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಎಷ್ಟೋ ಸೈಟುಗಳಲ್ಲಿ ಹೊಸದಾಗಿ ಓದು ಮುಗಿಸಿದ ಹುಡುಗನಿಗೆ ಸೇಫ್ಟಿ ಜಾಕೆಟ್ ಹಾಕಿ ನಿಲ್ಲಿಸಿರುತ್ತಾರೆ. ಅವನು "ನಿಲ್ಲಿಸಿ" ಅಂದರೆ ಯಾರೂ ನಿಲ್ಲಿಸುವುದಿಲ್ಲ. ಸಾರುವೆಗೆ (ಸ್ಕ್ಯಾಫೋಲ್ಡಿಂಗ್‌ಗೆ) ನಾಲ್ಕು ಹಲಗೆ ಬೇಕು ಅಂದರೂ ಅವನು ಇನ್ನೊಬ್ಬರ ಸಹಿಗೆ ಕಾಯಬೇಕು. ಅವನ ಹೆಸರು ಬರೆದಿಟ್ಟುಕೊಂಡು ಏನೂ ಉಪಯೋಗ ಇಲ್ಲ. ಕೆಲಸ ನಿಲ್ಲಿಸಬಲ್ಲವರ, ಹಣ ಖರ್ಚು ಮಾಡಬಲ್ಲವರ ಹೆಸರೇ ಅಲ್ಲಿ ಬರಬೇಕು.

ಮಾಲೀಕರ ವಿಷಯಕ್ಕೆ ಬಂದರೆ, "ನಾನು ದುಡ್ಡು ಕೊಟ್ಟೆ, ಮಿಕ್ಕಿದ್ದು ಕಂಟ್ರಾಕ್ಟರ್ ನೋಡ್ಕೋತಾರೆ" ಅನ್ನುವುದು ಪೂರ್ತಿ ಸರಿ ಅಲ್ಲ. ಬ್ರಿಟನ್ನಿನ 2015ರ ಕಟ್ಟಡ ನಿಯಮಗಳು ಈ ವಿಷಯದಲ್ಲಿ ಖಡಕ್ಕಾಗಿವೆ. ಒಬ್ಬರಿಗಿಂತ ಜಾಸ್ತಿ ಗುತ್ತಿಗೆದಾರರಿದ್ದರೆ ಕಟ್ಟಿಸುವ ಸಂಸ್ಥೆ ಮುಖ್ಯ ವಿನ್ಯಾಸಗಾರರನ್ನೂ ಮುಖ್ಯ ಗುತ್ತಿಗೆದಾರರನ್ನೂ ಬರವಣಿಗೆಯಲ್ಲಿ ನೇಮಿಸಬೇಕು. ನೇಮಿಸದಿದ್ದರೆ ಆ ಹೊಣೆ ಕಟ್ಟಿಸುವವರ ತಲೆಗೇ ಬರುತ್ತದೆ. ಸ್ವಂತ ಮನೆ ಕಟ್ಟಿಸುವವರಿಗೆ ಅಲ್ಲಿ ಇದು ಬೇರೆ ಥರ ಇದೆ, ಅವರ ಹೊಣೆ ಸಾಮಾನ್ಯವಾಗಿ ಗುತ್ತಿಗೆದಾರರಿಗೆ ಹೋಗುತ್ತದೆ. ಆದರೂ ಎರಡು ವಿಷಯ ಎಲ್ಲ ಕಡೆಯೂ ಮಾಲೀಕರ ಕೈಯಲ್ಲೇ ಇವೆ: ಹಣ ಮತ್ತು ಗಡುವು. ಎರಡು ವಾರದ ಕೆಲಸವನ್ನು ಒಂದು ವಾರದಲ್ಲಿ ಮುಗಿಸಿ ಅಂತ ಒತ್ತಾಯ ಮಾಡಿದವರು ಅಪಘಾತಕ್ಕೆ ಒಂದು ಕೈ ಹಚ್ಚಿದ ಹಾಗೆ.

ನಕ್ಷೆ ಮಾಡುವವರನ್ನು ಜನ ಮರೆತೇಬಿಡುತ್ತಾರೆ. ಟೆರೇಸಿನ ಸುತ್ತ ಗೋಡೆ ಮೂರು ಅಡಿ ಎತ್ತರ ಇದ್ದರೆ ಮುಂದೆ ಟ್ಯಾಂಕ್ ತೊಳೆಯಲು ಹತ್ತುವವನೂ ಬೀಳುವ ಸಾಧ್ಯತೆ ಕಮ್ಮಿ. ಒಂದು ಅಡಿಯ ಗೋಡೆ ಬರೆದರೆ ಅವನಿಗೆ ಸೇಫ್ಟಿ ಬೆಲ್ಟೇ ಗತಿ. ಅದೆಲ್ಲ ನಿರ್ಧಾರ ಆಗುವುದು ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಾಗಲೇ.

ಹೆಜ್ಜೆ 2: ಹೆಲ್ಮೆಟ್‌ನಿಂದ ಶುರು ಮಾಡಬೇಡಿ

ಸುರಕ್ಷತೆ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಹೆಲ್ಮೆಟ್. ನಿಜವಾಗಿ ನೋಡಿದರೆ ಅದು ಕೊನೆಯ ಸಾಲಿನ ಕಾವಲು. ಯಾವುದೇ ಅಪಾಯಕ್ಕೂ ಮೊದಲು ಕೇಳಬೇಕಾದ್ದು, ಈ ಅಪಾಯವೇ ಇಲ್ಲದ ಹಾಗೆ ಮಾಡಬಹುದಾ? ಮೇಲೆ ಹತ್ತಿ ಜೋಡಿಸುವ ಕಬ್ಬಿಣದ ಚೌಕಟ್ಟನ್ನು ಕೆಳಗೇ ಜೋಡಿಸಿ ಎತ್ತಬಹುದಾ? ಆಗದಿದ್ದರೆ ಕಮ್ಮಿ ಅಪಾಯದ ವಸ್ತು ಅಥವಾ ದಾರಿ ಇದೆಯಾ? ಅದೂ ಇಲ್ಲದಿದ್ದರೆ ತಡೆ ಕಟ್ಟಬಹುದಾ, ಅಂದರೆ ಕಟಕಟೆ (ರೇಲಿಂಗ್), ಬಲೆ, ಮುಚ್ಚಳ? ಆಮೇಲೆ ತರಬೇತಿ, ಬೋರ್ಡು, ಎಚ್ಚರಿಕೆ. ಎಲ್ಲ ಮುಗಿದ ಮೇಲೆ ಹೆಲ್ಮೆಟ್, ಬೂಟು, ಬೆಲ್ಟು.

ಈ ಕ್ರಮಕ್ಕೆ ಕಾರಣ ಇದೆ. ಕಟಕಟೆ ಒಮ್ಮೆ ಕಟ್ಟಿದರೆ ಅಲ್ಲಿ ಓಡಾಡುವ ಎಲ್ಲರನ್ನೂ ಕಾಯುತ್ತದೆ, ನಿದ್ದೆಗಣ್ಣಿನಲ್ಲಿ ಬಂದವರನ್ನೂ ಕಾಯುತ್ತದೆ. ಬೆಲ್ಟು ಹಾಗಲ್ಲ. ಒಬ್ಬೊಬ್ಬರೂ ಪ್ರತಿ ಸಲವೂ ನೆನಪಿಟ್ಟುಕೊಂಡು ಕೊಕ್ಕೆ ಹಾಕಬೇಕು.

ಹೆಲ್ಮೆಟ್, ಬೂಟು, ಕೈಗವಸು ಬೇಕಾದ ಕಡೆ ಅದನ್ನು ಕೊಡಬೇಕಾದವರು ಕೆಲಸಕ್ಕೆ ಇಟ್ಟುಕೊಂಡವರು. ಅದಕ್ಕೆ ಆಳುಗಳಿಂದ ದುಡ್ಡು ಹಿಡಿಯುವಂತಿಲ್ಲ. 167ನೇ ಒಪ್ಪಂದದಲ್ಲಿ ಇದೂ ಇದೆ. ಕೂಲಿಯಲ್ಲಿ ಬೂಟಿನ ದುಡ್ಡು ಮುರಿದುಕೊಳ್ಳುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಹೆಜ್ಜೆ 3: ಎತ್ತರದ ಕೆಲಸ

ಕಟ್ಟಡ ಕೆಲಸದಲ್ಲಿ ಜೀವ ಹೋಗುವ ದಾರಿಗಳಲ್ಲಿ ಎತ್ತರದಿಂದ ಬೀಳುವುದೇ ದೊಡ್ಡದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ತೂತುಗಳು. ಸ್ಲ್ಯಾಬಿನಲ್ಲಿ ಎಲ್ಲೇ ತೂತು ಬಿಟ್ಟರೂ ಸೆಂಟ್ರಿಂಗ್ ಬಿಚ್ಚಿದ ದಿನವೇ ಮುಚ್ಚಿ. ಮುಚ್ಚಳ ಜನರ ಭಾರ, ಸಾಮಾನಿನ ಭಾರ ತಾಳಬೇಕು. ಅಲುಗಾಡದ ಹಾಗೆ ಮೊಳೆ ಅಥವಾ ಬೋಲ್ಟು ಹಾಕಬೇಕು. ಅದರ ಮೇಲೆ ದಪ್ಪ ಬಣ್ಣದಲ್ಲಿ "ಕೆಳಗೆ ತೂತು ಇದೆ, ತೆಗೆಯಬೇಡಿ" ಅಂತ ಬರೆಯಿರಿ. ಕೆಳಗೆ ಅದರ ಹೊಣೆ ಹೊತ್ತವರ ಹೆಸರು. ಪ್ಲಂಬರ್ ಬಂದು ತೆಗೆಯಬೇಕಾದರೆ ಆ ವ್ಯಕ್ತಿಯನ್ನು ಕೇಳಿಯೇ ತೆಗೆಯಬೇಕು. ಲಿಫ್ಟಿನ ಬಾವಿ, ಮೆಟ್ಟಿಲಿನ ಬದಿ, ಬಾಲ್ಕನಿ ಅಂಚು, ಇವಕ್ಕೆ ಕಟಕಟೆಯೇ ಬೇಕು. ರಿಬ್ಬನ್ ಕಟ್ಟಿ ಬಿಡುವುದು ಕಟಕಟೆ ಅನ್ನಿಸಿಕೊಳ್ಳುವುದಿಲ್ಲ. ರಿಬ್ಬನ್ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ.

ಕಟಕಟೆ ಎಷ್ಟು ಎತ್ತರ ಇರಬೇಕು? ಅಮೆರಿಕದ ನಿಯಮದಲ್ಲಿ ಮೇಲಿನ ಪಟ್ಟಿ 42 ಇಂಚು, ಬ್ರಿಟನ್ನಿನಲ್ಲಿ ಕನಿಷ್ಠ 950 ಮಿಲಿಮೀಟರ್. ಸುಮಾರು ಸೊಂಟದ ಮೇಲೆ ಬರಬೇಕು ಅಂತ ನೆನಪಿಡಿ. ಮಧ್ಯದಲ್ಲಿ ಇನ್ನೊಂದು ಪಟ್ಟಿ. ಕೆಳಗೆ ಕಾಲಿನ ಹತ್ತಿರ ಒಂದು ಹಲಗೆ ಅಡ್ಡ ಇರಬೇಕು, ಇಟ್ಟಿಗೆ, ಸುತ್ತಿಗೆ ಉರುಳಿ ಕೆಳಗಿದ್ದವರ ತಲೆ ಮೇಲೆ ಬೀಳದ ಹಾಗೆ.

ಸಾರುವೆ, ಅಂದರೆ ಸ್ಕ್ಯಾಫೋಲ್ಡಿಂಗ್, ಕಬ್ಬಿಣದ್ದಾಗಲಿ ಬಿದಿರಿನದ್ದಾಗಲಿ, ಹತ್ತುವ ಮೊದಲು ಕೆಳಗಿಂದ ನೋಡಿ. ಕಾಲುಗಳು ಮೆತ್ತನೆಯ ಮಣ್ಣಿನಲ್ಲಿ ನಿಂತಿವೆಯಾ, ಅಥವಾ ಅಡಿಯಲ್ಲಿ ತಟ್ಟೆ, ಹಲಗೆ ಕೊಟ್ಟಿದ್ದಾರಾ? ಇಟ್ಟಿಗೆ ಚೂರು ಜೋಡಿಸಿ ಅದರ ಮೇಲೆ ಕಾಲು ನಿಲ್ಲಿಸಿದ್ದರೆ ಹತ್ತಲೇಬೇಡಿ. ಗೋಡೆಗೆ ಬಿಗಿದು ಕಟ್ಟಿದ್ದಾರಾ? ಪ್ಲಾಸ್ಟರಿಂಗ್ ಮಾಡುವವರು ಅಡ್ಡ ಬರುತ್ತದೆ ಅಂತ ಆ ಕಟ್ಟುಗಳನ್ನೇ ಬಿಚ್ಚಿಬಿಡುತ್ತಾರೆ, ಆಮೇಲೆ ಮತ್ತೆ ಕಟ್ಟುವುದಿಲ್ಲ. ನಡೆಯುವ ಜಾಗ ಪೂರ್ತಿ ಹಲಗೆ ಇದೆಯಾ, ಅಥವಾ ಒಂದೇ ಹಲಗೆ ಮೇಲೆ ಸರ್ಕಸ್ಸಾ? ಬ್ರಿಟನ್ನಿನಲ್ಲಿ ಸಾರುವೆಯನ್ನು 7 ದಿನಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿ ಬರೆದಿಡಬೇಕು, ಗಾಳಿ ಮಳೆ ಜೋರಾಗಿ ಬಂದ ಮೇಲೆ ಮತ್ತೆ ನೋಡಬೇಕು. ಅಮೆರಿಕದಲ್ಲಿ ಪ್ರತಿ ಪಾಳಿಯ ಮೊದಲು. ಯಾರು ಪರೀಕ್ಷೆ ಮಾಡಿದರು, ಯಾವತ್ತು ಅಂತ ಒಂದು ಚೀಟಿಯಲ್ಲಿ ಬರೆದು ಹತ್ತುವ ಜಾಗದಲ್ಲೇ ನೇತು ಹಾಕಿ.

ಏಣಿಗೆ ಸುಲಭ ಲೆಕ್ಕ: ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ಆಚೆ. ಮೇಲಿನ ನೆಲಕ್ಕಿಂತ ಮೂರು ಅಡಿ ಜಾಸ್ತಿ ಉದ್ದ ಇರಲಿ, ಹಿಡಿದುಕೊಂಡು ಇಳಿಯಲು. ತುದಿಯನ್ನು ಕಟ್ಟಿ.

ಇನ್ನು ಬೆಲ್ಟಿನ ಲೆಕ್ಕ. ಸೊಂಟದ ಬೆಲ್ಟನ್ನು ಮರೆತುಬಿಡಿ. ಬಿದ್ದಾಗ ಅದು ಹೊಟ್ಟೆಯನ್ನೇ ಸೀಳುವಷ್ಟು ಎಳೆಯುತ್ತದೆ. ಭುಜ, ತೊಡೆ ಎರಡನ್ನೂ ಹಿಡಿಯುವ ಪೂರ್ತಿ ಹಾರ್ನೆಸ್ ಬೇಕು. ಅದಿದ್ದರೂ ಎಲ್ಲ ಕಡೆ ಉಪಯೋಗಕ್ಕೆ ಬರುವುದಿಲ್ಲ. ಹೇಗೆ ನೋಡಿ. ಹಾರ್ನೆಸ್‌ನಿಂದ ಕೊಕ್ಕೆಯವರೆಗಿನ ಹಗ್ಗ 6 ಅಡಿ. ಜಗ್ಗು ತಡೆಯಲು ಹಗ್ಗದಲ್ಲಿ ಹೊಲಿದಿರುವ ಮಡಿಕೆ ಬಿದ್ದಾಗ ಬಿಚ್ಚಿಕೊಂಡರೆ ಇನ್ನೂ ಮೂರೂವರೆ ಅಡಿ. ಬೆನ್ನಿನ ಕೊಂಡಿಯಿಂದ ಪಾದದವರೆಗೆ 5 ಅಡಿ. ಅಂದಾಜಿಗೆ ಇರಲಿ ಅಂತ ಇನ್ನೊಂದು 3 ಅಡಿ. ಒಟ್ಟು ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಹದಿನೇಳೂವರೆ ಅಡಿ ಖಾಲಿ ಇರಬೇಕು. ಮೊದಲ ಮಹಡಿಯ ಅಂಚಿನಲ್ಲಿ ನಿಂತು ಕಾಲ ಹತ್ತಿರದ ಕಂಬಿಗೆ ಕೊಕ್ಕೆ ಹಾಕಿದವನಿಗೆ ಸಿಗುವುದು 10 ಅಡಿ. ಬೆಲ್ಟು ಕೆಲಸ ಶುರು ಮಾಡುವ ಮೊದಲೇ ಅವನು ನೆಲ ಮುಟ್ಟಿರುತ್ತಾನೆ. ಅಲ್ಲಿ ಗಿಡ್ಡ ಹಗ್ಗ ಬೇಕು, ಕೊಕ್ಕೆ ತಲೆಯ ಮೇಲೆ ಇರಬೇಕು. ಎಲ್ಲಕ್ಕಿಂತ ಒಳ್ಳೆಯದು ಕಟಕಟೆ.

ಬಿದ್ದವನು ಹಾರ್ನೆಸ್‌ನಲ್ಲಿ ಜೋತುಬಿದ್ದರೆ ಮುಂದೆ? ಅಲುಗಾಡದೆ ನೇತಾಡುತ್ತಿದ್ದರೆ ರಕ್ತ ಕಾಲಿನಲ್ಲೇ ನಿಂತುಬಿಡುತ್ತದೆ, ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಅವನನ್ನು ಯಾರು, ಯಾವ ಏಣಿಯಿಂದ ಇಳಿಸುತ್ತಾರೆ ಅಂತ ಬೆಳಿಗ್ಗೆಯೇ ಮಾತಾಗಿರಬೇಕು.

ಬಲೆಯ ಬಗ್ಗೆ ಒಂದು ಹಳೇ ಕಥೆ. 1930ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಳಗೆ ಉದ್ದಕ್ಕೂ ಬಲೆ ಹಾಕಿದ್ದರು. ಆಗಿನ ಕಾಲಕ್ಕೆ ಅದು ದುಬಾರಿ ಹುಚ್ಚು. ಆ ಬಲೆ 19 ಜನರನ್ನು ಉಳಿಸಿತು. ಆದರೆ 1937ರ ಫೆಬ್ರವರಿಯಲ್ಲಿ ಟನ್‌ಗಟ್ಟಲೆ ತೂಕದ ಅಟ್ಟಣಿಗೆಯೇ ಕಳಚಿ ಬಲೆಯ ಮೇಲೆ ಬಿತ್ತು. ಬಲೆ ಹರಿದು 10 ಜನ ಸತ್ತರು. ಬಲೆ ಮಾಡಿದ್ದು ಮನುಷ್ಯರ ಭಾರಕ್ಕೆ. ಯಾವ ಸಾಧನ ಎಷ್ಟು ತಾಳುತ್ತದೆ ಅಂತ ಕೇಳದೆ ನಂಬಬೇಡಿ.

ಹೆಜ್ಜೆ 4: ಪಾಯ ಮತ್ತು ಗುಂಡಿ

ಮಣ್ಣು ಮೆತ್ತಗೆ ಕಾಣುತ್ತದೆ, ಅಷ್ಟೇ. ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ, ಒಂದು ಕಾರಿನಷ್ಟು. ಎದೆಯವರೆಗೆ ಹೂತುಹೋದರೆ ತಲೆ ಹೊರಗಿದ್ದರೂ ಉಸಿರು ಎಳೆಯಲು ಆಗುವುದಿಲ್ಲ. ಒಮ್ಮೆ ಉಸಿರು ಬಿಟ್ಟಾಗ ಮಣ್ಣು ಆ ಜಾಗಕ್ಕೆ ಇಳಿಯುತ್ತದೆ.

ಅಮೆರಿಕದಲ್ಲಿ 5 ಅಡಿಗಿಂತ ಆಳದ ಗುಂಡಿಗೆ, ಪೂರ್ತಿ ಗಟ್ಟಿ ಬಂಡೆ ಇದ್ದರೆ ಬಿಟ್ಟು, ಬದಿಗೆ ಆಸರೆ ಕೊಡಲೇಬೇಕು ಅಥವಾ ಬದಿಯನ್ನು ಇಳಿಜಾರು ಮಾಡಬೇಕು. ಅದಕ್ಕಿಂತ ಕಮ್ಮಿ ಆಳ ಇದ್ದರೂ ಮಣ್ಣು ಸಡಿಲ ಕಂಡರೆ ಆಸರೆ ಬೇಕು. ಅಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬೇಡಿ, ಎರಡು ಅಡಿಯಾದರೂ ಹಿಂದೆ ಹಾಕಿ. ಜೆಸಿಬಿ, ಲಾರಿ ಅಂಚಿನ ಹತ್ತಿರ ಬರುವುದು ಬೇಡ. 4 ಅಡಿಗಿಂತ ಆಳದ ಕಾಲುವೆಯಲ್ಲಿ ಕೆಲಸ ಮಾಡುವವರಿಗೆ 25 ಅಡಿ ಒಳಗೆ ಒಂದು ಏಣಿ ಸಿಗಬೇಕು. ಬೆಳಿಗ್ಗೆ ಇಳಿಯುವ ಮೊದಲು ಮತ್ತು ಮಳೆ ಬಂದ ಮೇಲೆ ಬದಿಯಲ್ಲಿ ಬಿರುಕು ಇದೆಯಾ, ನೀರು ಜಿನುಗುತ್ತಿದೆಯಾ ಅಂತ ನೋಡುವವರ ಹೆಸರು ನಿಮ್ಮ ಹಾಳೆಯಲ್ಲಿ ಇರಲಿ.

ಕುಸಿದರೆ? ಓಡಿಹೋಗಿ ಗುಂಡಿಗೆ ಹಾರಬೇಡಿ, ಎರಡನೇ ಕುಸಿತ ಬರುವುದು ಸಾಮಾನ್ಯ. ಜೆಸಿಬಿಯಿಂದ ಮನುಷ್ಯನನ್ನು ಅಗೆದು ತೆಗೆಯಲು ಹೋಗಬೇಡಿ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಹೆಜ್ಜೆ 5: ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು, ಯಾರು ಹೇಳಬೇಕು

1978ರ ಏಪ್ರಿಲ್ 27. ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲ್ಯಾಂಡ್. ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ (ನೀರು ತಣಿಸುವ ಎತ್ತರದ ಗೋಪುರ) ಕಟ್ಟುತ್ತಿದ್ದರು. ಅಲ್ಲಿ ಸಾರುವೆ ನೆಲದ ಮೇಲೆ ನಿಂತಿರಲಿಲ್ಲ, ಕಟ್ಟುತ್ತಿದ್ದ ಗೋಡೆಗೇ ಕಚ್ಚಿಕೊಂಡು ಮೇಲಕ್ಕೆ ಏರುತ್ತಾ ಹೋಗುತ್ತಿತ್ತು. ಹಿಂದಿನ ದಿನ ಹಾಕಿದ ಕಾಂಕ್ರೀಟ್ ಚಳಿಗೆ ಇನ್ನೂ ಗಟ್ಟಿಯಾಗಿರಲಿಲ್ಲ. ಬೆಳಿಗ್ಗೆ ಅದರ ಮೇಲೆಯೇ ಭಾರ ಬಿತ್ತು. ಗೋಡೆಯ ಮೇಲಿನ ಸುತ್ತು ಸಿಪ್ಪೆ ಸುಲಿದಂತೆ ಕಳಚಿಕೊಂಡು ಬಂತು. 51 ಜನ ಸತ್ತರು.

ಕಾಂಕ್ರೀಟ್ ಕ್ಯಾಲೆಂಡರ್ ನೋಡಿ ಗಟ್ಟಿಯಾಗುವುದಿಲ್ಲ. ಚಳಿ ಇದ್ದರೆ ನಿಧಾನ. ಸಿಮೆಂಟಿನ ಜಾತಿ, ನೀರಿನ ಪ್ರಮಾಣ ಎಲ್ಲ ಲೆಕ್ಕಕ್ಕೆ ಬರುತ್ತವೆ. "ಹೋದ ಸಲ ಇಷ್ಟೇ ದಿನಕ್ಕೆ ಬಿಚ್ಚಿದ್ವಿ, ಏನೂ ಆಗಲಿಲ್ಲ" ಅನ್ನುವ ಮೇಸ್ತ್ರಿಯ ಮಾತನ್ನು ಗೌರವದಿಂದ ಕೇಳಿ, ಆದರೆ ಅದರ ಮೇಲೆ ಬಿಚ್ಚಬೇಡಿ. ಸ್ಲ್ಯಾಬ್ ಹಾಕಿದ ದಿನವೇ ಅದೇ ಕಾಂಕ್ರೀಟನ್ನು ಸಣ್ಣ ಅಚ್ಚುಗಳಿಗೂ ತುಂಬಿ ಸೈಟಿನಲ್ಲೇ ಇಟ್ಟು, ಬಿಚ್ಚುವ ಮೊದಲು ಒಡೆಸಿ ಬಲ ನೋಡಿ. ಆಮೇಲೆ ಎಂಜಿನಿಯರ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡಲಿ: ಯಾವ ಸ್ಲ್ಯಾಬ್, ಯಾವ ದಿನ, ಯಾವ ಜಾಕ್‌ಗಳನ್ನು (ಆಸರೆ ಕಂಬಗಳನ್ನು) ತೆಗೆಯದೆ ಹಾಗೇ ಬಿಡಬೇಕು. ಬಾಡಿಗೆ ಪ್ಲೇಟು ವಾಪಸ್ ಕೊಡಬೇಕು ಅನ್ನುವ ಅವಸರ ಇಲ್ಲಿ ತುಂಬಾ ಜನರ ಕೈಯಲ್ಲಿ ತಪ್ಪು ಮಾಡಿಸುತ್ತದೆ. ಮೇಲೆ ಇನ್ನೊಂದು ಮಹಡಿ ಹಾಕುವಾಗ ಕೆಳಗಿನ ಆಸರೆ ಎಷ್ಟು ಮಹಡಿಗೆ ಇರಬೇಕು ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಹೆಜ್ಜೆ 6: ಕರೆಂಟು, ಗಾಡಿ

ತಾತ್ಕಾಲಿಕ ಕನೆಕ್ಷನ್ ಅಂತ ಬರಿ ತಂತಿಯನ್ನು ಸಾಕೆಟ್ಟಿಗೆ ಚುಚ್ಚಿ ಕಡ್ಡಿ ಸಿಗಿಸುವುದು ಇನ್ನೂ ನಿಂತಿಲ್ಲ. ಪ್ಲಗ್ ಹಾಕಿ. ಕರೆಂಟು 30 ಮಿಲಿ ಆಂಪಿಯರ್‌ನಷ್ಟು ಸೋರಿದರೆ ಕಟ್ ಆಗುವ ಸ್ವಿಚ್, ಅಂದರೆ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಒತ್ತಿದರೂ ಕಟ್ ಆಗದಿದ್ದರೆ ಅದು ಬರೀ ಡಬ್ಬಿ. ತಂತಿ ನೀರಿನಲ್ಲಿ, ಗಾಡಿ ಹೋಗುವ ದಾರಿಯಲ್ಲಿ ಬಿದ್ದಿರಬಾರದು. ಮೇಲೆ ವಿದ್ಯುತ್ ಲೈನ್ ಇದ್ದರೆ ಉದ್ದದ ಕಂಬಿ, ಅಲ್ಯುಮಿನಿಯಂ ಏಣಿ, ಕ್ರೇನ್ ಮೂರನ್ನೂ ದೂರ ಇಡಿ. ಲೈನ್ ಮುಟ್ಟಲೇಬೇಕು ಅಂತೇನೂ ಇಲ್ಲ, ಹೆಚ್ಚು ವೋಲ್ಟೇಜಿನ ಲೈನ್ ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ಅಲ್ಲಿ ಕೆಲಸ ಇದ್ದರೆ ಮೊದಲು ವಿದ್ಯುತ್ ಕಂಪನಿಯವರ ಹತ್ತಿರ ಮಾತಾಡಿ ಲೈನ್ ಬಂದ್ ಮಾಡಿಸಿ.

ಗಾಡಿ ರಿವರ್ಸ್ ಬರುವಾಗ ಡ್ರೈವರ್‌ಗೆ ಕಾಣುವ ಜಾಗದಲ್ಲಿ ಒಬ್ಬರು ನಿಂತು ದಾರಿ ತೋರಿಸಲಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ಡ್ರೈವರ್ ನಿಲ್ಲಿಸಬೇಕು. ಜನ ನಡೆಯುವ ದಾರಿ ಬೇರೆ, ಗಾಡಿ ದಾರಿ ಬೇರೆ. ಇಷ್ಟೇ.

ಹೆಜ್ಜೆ 7: ಮುಚ್ಚಿದ ಟ್ಯಾಂಕ್

ಹೊಸ ಸಂಪು, ಹೊಸ ನೀರಿನ ಟ್ಯಾಂಕ್. ಒಳಗೆ ಇನ್ನೂ ನೀರೂ ತುಂಬಿಲ್ಲ, ಗಲೀಜೂ ಇಲ್ಲ. ಏನು ಅಪಾಯ ಅಂತ ಸೆಂಟ್ರಿಂಗ್ ಬಿಚ್ಚಲು ಇಳಿಯುತ್ತಾರೆ. ಒದ್ದೆ ಮರ ಕೊಳೆಯುವಾಗ ಒಳಗಿನ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಇಳಿದವನು ಕೂಗಲೂ ಸಮಯ ಸಿಗದೆ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನ ಹಿಂದೆ ಮೂರನೆಯವನು.

ಗಾಳಿಯಲ್ಲಿ ಮಾಮೂಲಾಗಿ ಆಮ್ಲಜನಕ ಶೇಕಡ 21ರಷ್ಟು ಇರುತ್ತದೆ. 19.5ಕ್ಕಿಂತ ಕಮ್ಮಿ ಇದ್ದರೆ ಒಳಗೆ ಹೋಗಬಾರದು. ಇದು ಮೂಗಿಗೆ ಗೊತ್ತಾಗುವುದಿಲ್ಲ, ದೀಪ ಹಚ್ಚಿ ಇಳಿಸಿ ನೋಡುವುದೂ ಬೇಡ, ಉರಿಯುವ ಗ್ಯಾಸ್ ಇದ್ದರೆ ಸ್ಫೋಟವಾಗುತ್ತದೆ. ಗ್ಯಾಸ್ ಅಳೆಯುವ ಮೀಟರ್ ಇಳಿಸಿ ನೋಡಿ. ಮುಚ್ಚಳಗಳನ್ನೆಲ್ಲ ತೆಗೆದು ಬ್ಲೋಯರ್ ಹಾಕಿ ಗಾಳಿ ಆಡಿಸಿ. ಇಳಿಯುವವರಿಗೆ ಹಾರ್ನೆಸ್ ಹಾಕಿ ಹಗ್ಗವನ್ನು ಮೇಲಿನ ರಾಟೆಗೆ ಕಟ್ಟಿ. ಮೇಲೆ ಒಬ್ಬರು ಕದಲದೆ ನಿಂತಿರಲಿ. ಆ ವ್ಯಕ್ತಿಗೆ ಒಂದೇ ನಿಯಮ: ಏನೇ ಆದರೂ ನೀನು ಇಳಿಯಬಾರದು, ಮೇಲಿಂದಲೇ ಎಳೆಯಬೇಕು. ಚರಂಡಿ, ಮಲದ ಗುಂಡಿಗೆ ಸಂಬಂಧಿಸಿದ ಕೆಲಸವಾದರೆ ಮನುಷ್ಯರನ್ನು ಇಳಿಸುವ ಯೋಚನೆಯನ್ನೇ ಬಿಟ್ಟು ಯಂತ್ರ ತರಿಸಿ.

ಹೆಜ್ಜೆ 8: ನಿಧಾನವಾಗಿ ಕೊಲ್ಲುವವು

ಬಿದ್ದು ಸತ್ತರೆ ಪೊಲೀಸರು ಬರುತ್ತಾರೆ. ಇಪ್ಪತ್ತು ವರ್ಷ ಧೂಳು ಕುಡಿದು ಸತ್ತರೆ ಯಾರೂ ಬರುವುದಿಲ್ಲ. ಆರೋಗ್ಯದ ಹೊಣೆಯನ್ನು ಸೈಟುಗಳು ಮರೆಯುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ.

ಗ್ರಾನೈಟ್, ಕಾಂಕ್ರೀಟ್, ಟೈಲ್ಸ್ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಿನಲ್ಲಿ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಅಲ್ಲಿ ಗಾಯದ ಗಂಟು ಮಾಡುತ್ತದೆ. ಸಿಲಿಕೋಸಿಸ್ ಅನ್ನುವ ಈ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಈ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಧೂಳಿಗೆ ಮದ್ದು ನೀರು. ಕಟಿಂಗ್ ಮಷಿನ್ ಬ್ಲೇಡಿಗೆ ಸಣ್ಣಗೆ ನೀರು ಬಿಡುವ ನಳಿಕೆ ಇರಲಿ, ಅಥವಾ ಧೂಳು ಎಳೆಯುವ ವ್ಯಾಕ್ಯೂಮ್ ಸೇರಿಸಿ. ನೀರು ಬಿಡುವ ಮಷಿನ್ ಅದಕ್ಕೇ ಮಾಡಿದ್ದಾಗಿರಬೇಕು, ಕರೆಂಟಿನ ಅಪಾಯ ಇದೆಯಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಬೇಕು. ಒಣ ಧೂಳನ್ನು ಗುಡಿಸಬೇಡಿ, ನೀರು ಚಿಮುಕಿಸಿ ಗುಡಿಸಿ.

ಸಿಮೆಂಟು ಒದ್ದೆಯಾದಾಗ ಅದರ ಕ್ಷಾರ ಚರ್ಮ ಸುಡುವಷ್ಟು ಇರುತ್ತದೆ, ಪಿಎಚ್ 12ರ ಮೇಲೆ. ಮೋಸ ಏನು ಅಂದರೆ ಸುಡುವಾಗ ನೋವು ಗೊತ್ತಾಗುವುದಿಲ್ಲ. ಮೊಣಕಾಲೂರಿ ಕಾಂಕ್ರೀಟ್ ಸಮ ಮಾಡುವವರಿಗೆ ಸಂಜೆ ಪ್ಯಾಂಟ್ ಬಿಚ್ಚಿದಾಗಲೇ ಗೊತ್ತಾಗುವುದು. ಬೂಟಿನ ಒಳಗೆ ಕಾಂಕ್ರೀಟ್ ಹೋದರೆ ಕೆಲಸ ಮುಗಿಯಲಿ ಅಂತ ಕಾಯಬೇಡಿ, ಕೂಡಲೇ ಬಿಚ್ಚಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಇಪ್ಪತ್ತು ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಶಬ್ದಕ್ಕೆ ಮೀಟರ್ ಇಲ್ಲದಿದ್ದರೆ ಒಂದು ಉಪಾಯ: ಎರಡು ಮೀಟರ್ ದೂರದಲ್ಲಿ ನಿಂತವರ ಜೊತೆ ಮಾತಾಡಲು ಕೂಗಬೇಕಾಗಿದ್ದರೆ ಅದು ಸುಮಾರು 85 ಡೆಸಿಬಲ್. ಕಿವಿಗೆ ರಕ್ಷಣೆ ಬೇಕು.

ಬಿಸಿಲಿನ ವಿಷಯದಲ್ಲಿ ಹೊಸಬರ ಮೇಲೆ ಕಣ್ಣಿಡಿ. ಬಿಸಿಲಿಗೆ ಒಗ್ಗದವರು ಮೊದಲ ಕೆಲವು ದಿನಗಳಲ್ಲೇ ಹೆಚ್ಚಾಗಿ ಕುಸಿಯುತ್ತಾರೆ. ಮೊದಲ ದಿನ ಮಾಮೂಲಿ ಕೆಲಸದ ಶೇಕಡ 20 ಮಾತ್ರ ಬಿಸಿಲಿನಲ್ಲಿ ಮಾಡಿಸಿ, ದಿನಕ್ಕೆ ಇಪ್ಪತ್ತರಂತೆ ಏರಿಸಿ. ಕುಡಿಯುವ ನೀರು, ನೆರಳು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ, ಇವು ಸೈಟಿನಲ್ಲಿ ಇರಲೇಬೇಕು. ಶೌಚಾಲಯ ಇಲ್ಲದ ಕಡೆ ಹೆಂಗಸರು ನೀರೇ ಕುಡಿಯದೆ ದಿನ ದೂಡುತ್ತಾರೆ, ಬಿಸಿಲಿನಲ್ಲಿ ತಲೆ ತಿರುಗಿ ಬೀಳುತ್ತಾರೆ. ಶೌಚಾಲಯವೂ ಸುರಕ್ಷತೆಯ ವಿಷಯವೇ ಅಲ್ವಾ?

ಹೆಜ್ಜೆ 9: ಬೆಳಿಗ್ಗೆಯ ಹತ್ತು ನಿಮಿಷ

ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಮಾತಾಡಿ. ಭಾಷಣ ಬೇಡ. ಅವರಿಗೆ ಗೊತ್ತಿರುವ ಭಾಷೆಯಲ್ಲೇ ಮಾತಾಡಿ, ಬೇರೆ ಊರಿನಿಂದ ಬಂದವರಿದ್ದರೆ ಅವರಲ್ಲೇ ಒಬ್ಬರಿಂದ ಹೇಳಿಸಿ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಅದರ ಬದಲು ಒಬ್ಬರನ್ನು ಕೇಳಿ: "ಇವತ್ತು ನೀನು ಎಲ್ಲಿ ಕೆಲಸ ಮಾಡ್ತೀಯಾ? ಅಲ್ಲಿ ನಿನಗೆ ಏನು ಪೆಟ್ಟಾಗಬಹುದು?" ಅವನ ಬಾಯಿಂದ ಬಂದ ಉತ್ತರ ಅವನಿಗೆ ನೆನಪಿರುತ್ತದೆ. ಕೆಲವು ಸಲ ನಿಮಗೇ ಗೊತ್ತಿಲ್ಲದ ಅಪಾಯ ಅಲ್ಲಿ ಹೊರಬರುತ್ತದೆ.

ಆ ದಿನ ಯಾರ ಕೆಲಸದ ಕೆಳಗೆ ಯಾರು ಕೆಲಸ ಮಾಡುತ್ತಾರೆ ಅಂತ ಇಲ್ಲೇ ನೋಡಿ. ಮೇಲೆ ವೆಲ್ಡಿಂಗ್, ಕೆಳಗೆ ಪೇಂಟಿಂಗ್ ಬಂದಿದ್ದರೆ ಒಂದನ್ನು ನಾಳೆಗೆ ಹಾಕಿ.

ಹೆಜ್ಜೆ 10: "ನಾನು ಹತ್ತಲ್ಲ" ಅನ್ನುವವರಿಗೆ

ಆಳುಗಳಿಗೂ ಹೊಣೆ ಇದೆ. ಕೊಟ್ಟ ಸಾಧನ ಬಳಸಬೇಕು, ಕಟಕಟೆ ಬಿಚ್ಚಬಾರದು, ಕುಡಿದು ಬರಬಾರದು, ಕಂಡ ಅಪಾಯವನ್ನು ಹೇಳಬೇಕು. ಜೊತೆಗೆ ಒಂದು ಹಕ್ಕೂ ಇದೆ. ಜೀವಕ್ಕೆ ಅಪಾಯ ಹತ್ತಿರದಲ್ಲೇ ಇದೆ ಅನ್ನಲು ಸರಿಯಾದ ಕಾರಣ ಇದ್ದರೆ ಅಲ್ಲಿಂದ ಹೊರಗೆ ಬರಬಹುದು, ಬಂದ ಕೂಡಲೇ ಮೇಲಿನವರಿಗೆ ಹೇಳಬೇಕು. ಇದೂ ಆ 1988ರ ಒಪ್ಪಂದದಲ್ಲಿರುವ ಮಾತೇ.

ಹೇಳುವಾಗ ಜಗಳಕ್ಕೆ ಇಳಿಯಬೇಡಿ. ಕಂಡದ್ದನ್ನು ಕಂಡ ಹಾಗೆ ಹೇಳಿ.

"ಮೇಸ್ತ್ರಿ, ಮೂರನೇ ಕಂಬದ ಹತ್ತಿರ ಸಾರುವೆ ಕಟ್ಟು ಬಿಚ್ಚಿದೆ. ಕೈ ಇಟ್ಟರೆ ಅಲ್ಲಾಡುತ್ತೆ. ಕಟ್ಟಿಸಿ, ಆಮೇಲೆ ಹತ್ತುತ್ತೀನಿ."

"ನಿನ್ನೆ ಹತ್ತಿದ್ದೆಯಲ್ಲಪ್ಪಾ?"

"ನಿನ್ನೆ ಕಟ್ಟಿತ್ತಣ್ಣ. ಬನ್ನಿ, ನೀವೇ ನೋಡಿ."

ಮೇಸ್ತ್ರಿಗಳೇ, ಇಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದನ್ನು ಉಳಿದ ಇಪ್ಪತ್ತು ಜನ ನೋಡುತ್ತಿರುತ್ತಾರೆ. ಬೈದರೆ ಇನ್ನು ಮುಂದೆ ಯಾರೂ ನಿಮಗೆ ಏನೂ ಹೇಳುವುದಿಲ್ಲ. ಹೋಗಿ ನೋಡಿ, ಕಟ್ಟಿಸಿ, ಅವನಿಗೆ ಆ ಅರ್ಧ ಗಂಟೆಯ ಕೂಲಿಯನ್ನೂ ಕೊಡಿ.

ಹೆಜ್ಜೆ 11: ಏನಾದರೂ ಆದರೆ, ಏನೂ ಆಗದಿದ್ದರೂ

ಫಸ್ಟ್ ಏಡ್ ಪೆಟ್ಟಿಗೆ ಎಲ್ಲಿದೆ, ಪ್ರಥಮ ಚಿಕಿತ್ಸೆ ಕಲಿತವರು ಯಾರು, ಆಂಬುಲೆನ್ಸ್ ನಂಬರ್ ಯಾವುದು, ಸೈಟಿಗೆ ದಾರಿ ಹೇಗೆ, ಇಷ್ಟು ಗೇಟಿನ ಹತ್ತಿರ ದೊಡ್ಡದಾಗಿ ಬರೆದಿರಲಿ. ಎತ್ತರದಿಂದ ಬಿದ್ದವರನ್ನು ಕೈ ಕಾಲು ಹಿಡಿದು ಎತ್ತಿ ಗಾಡಿಗೆ ಹಾಕಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲ್ಲೇ ಕೆಡುತ್ತದೆ. ಉಸಿರು ನೋಡಿ, ರಕ್ತ ಹೋಗುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ, ಆಂಬುಲೆನ್ಸ್ ಬರುವವರೆಗೆ ಕತ್ತು ಅಲುಗದಂತೆ ನೋಡಿಕೊಳ್ಳಿ. ಅದೇ ಜಾಗದಲ್ಲಿ ಇನ್ನೊಬ್ಬರಿಗೆ ಅಪಾಯ ಆಗುವಂತಿದ್ದರೆ ಮಾತ್ರ ಸರಿಸಿ.

ಪೆಟ್ಟಾಗದೆ ತಪ್ಪಿಹೋದ ಘಟನೆಗಳಿಗೂ ಒಂದು ನೋಟ್‌ಬುಕ್ ಇಡಿ. ಮೇಲಿಂದ ಇಟ್ಟಿಗೆ ಬಿತ್ತು, ಯಾರಿಗೂ ತಾಗಲಿಲ್ಲ. ಅದನ್ನು ಬರೆಯಿರಿ. ಯಾರು ತಪ್ಪು ಮಾಡಿದರು ಅಂತ ಕೇಳುವ ಮೊದಲು ಕಾಲಿನ ಹಲಗೆ ಯಾಕೆ ಇರಲಿಲ್ಲ ಅಂತ ಕೇಳಿ. ಅದರ ಮುಂದೆ ಸರಿ ಮಾಡಬೇಕಾದವರ ಹೆಸರು, ದಿನಾಂಕ ಬರೆಯಿರಿ.

ಹೆಜ್ಜೆ 12: ಬೀಗ ಹಾಕುವ ಮೊದಲು

ಕೆಲಸ ನಿಂತ ಮೇಲೆ ಸೈಟು ಮಕ್ಕಳಿಗೆ ಆಟದ ಮೈದಾನದಂತೆ ಕಾಣುತ್ತದೆ. ಸಂಜೆ ಒಬ್ಬರು ಒಂದು ಸುತ್ತು ಹಾಕಿ ಬರಲಿ. ಕೆಳಗಿನ ಏಣಿ ತೆಗೆದು ಒಳಗೆ ಇಡಿ. ಮೇನ್ ಸ್ವಿಚ್ ಆಫ್ ಮಾಡಿ. ಸಂಪಿನ ಬಾಯಿ ಮುಚ್ಚಿ. ಗುಂಡಿ ಸುತ್ತ ಬೇಲಿ ಸರಿ ಇದೆಯಾ ನೋಡಿ. ನಿಂತಿರುವ ಕಂಬಿಗಳ ತುದಿಗೆ ಟೋಪಿ ಇದೆಯಾ ನೋಡಿ. ಕೊನೆಗೆ ಮೊದಲ ಮಹಡಿಗೆ ಹತ್ತಿ, ಆ ಪ್ಲೈವುಡ್ ತುಂಡನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡಿ. ಅಲುಗಿದರೆ ಮೊಳೆ ಹೊಡೆಯಿರಿ. ಮೇಲಿನ ಹೆಸರು ಅಳಿಸಿಹೋಗಿದ್ದರೆ ಮತ್ತೆ ಬರೆಯಿರಿ.